ಅವ್ವನಿಗೆ ಹೇಳಿದ ಮಾತು

ಭಾನುವಾರ ಬೆಳಿಗ್ಗೆ ಸೋಲಾಪುರದಿಂದ ಮಂದ್ರೂಪಕ್ಕೆ ಬರುವ ಎಸ್‌ಟಿ ಬಸ್ಸಿನಲ್ಲಿ ಗಿರಿಜಾಬಾಯಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಉಳಿದ ದಿನ ಬಸ್ಸು ಹತ್ತಿದರೆ ಅವಳ ಬಾಯಿಗೆ ಬಿಡುವಿಲ್ಲ. ಕಂಡಕ್ಟರನ ಮಗಳ ಬಾಣಂತನದಿಂದ ಹಿಡಿದು ಜೋಳದ ಧಾರಣೆಯವರೆಗೆ ಎಲ್ಲವೂ ಅವಳಿಗೆ ಬೇಕು. ಭಾನುವಾರ ಮಾತ್ರ ಕಿಟಕಿಯ ಪಕ್ಕ ಕೂತು, ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಹೊದ್ದು, ಕೊರಳಿಗೆ ಹಾಕಿಕೊಂಡ ಸಣ್ಣ ಚೀಲವನ್ನು ಒಳಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿದಿರುತ್ತಿದ್ದಳು. ಚೀಲದಲ್ಲಿ ಹಿತ್ತಾಳೆಯ ಡಬ್ಬಿ. ಡಬ್ಬಿಯಲ್ಲಿ ಪರಮಪ್ರಸಾದ. ಚರ್ಚಿನ ಪೂಜೆಯಲ್ಲಿ ಫಾದರ್ ಅರ್ಪಿಸಿ ಕೊಟ್ಟ, ಕ್ರಿಸ್ತನ ದೇಹವೆಂದೇ ಅವರು ನಂಬುವ ರೊಟ್ಟಿಯ ತೆಳುವಾದ ಬಿಲ್ಲೆಗಳು.

“ಇವತ್ತ ನಿಮ್ಮ ದೇವರು ಸಂಗಟ ಬಂದಾನೇನ್ರಿ? ಅವಗೂ ಒಂದ ತಿಕೀಟ ಹರೀಲೇನು?” ಎಂದು ಕಂಡಕ್ಟರ ನಗೆಯಾಡಿದರೂ ಅವಳು ತಲೆಯಾಡಿಸಿ ಸುಮ್ಮನಾಗುತ್ತಿದ್ದಳು.

ಮಂದ್ರೂಪದಲ್ಲಿ ಕಥೋಲಿಕರ ಮನೆಗಳು ಬೆರಳೆಣಿಕೆಯಷ್ಟು. ಊರಂಚಿನಲ್ಲಿ ತಗಡು ಹೊದಿಸಿದ ಒಂದು ಪ್ರಾರ್ಥನೆಯ ಕೋಣೆ. ಸೋಲಾಪುರದ ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಗಿರಿಜಾಬಾಯಿಯವು. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಪೂಜೆ ಕೇಳಿ, ಪ್ರಸಾದ ತಂದು, ಜನರನ್ನು ಕೂಡಿಸಿ ವಾಕ್ಯ ಓದಿ, ಹಾಡಿಸಿ, ಹಂಚುವಳು. ಹಾಸಿಗೆ ಹಿಡಿದವರ ಮನೆಗೆ ತಾನೇ ಹೋಗುವಳು. ಸತ್ತವರನ್ನು ಮಣ್ಣು ಮಾಡುವಾಗ ಪ್ರಾರ್ಥನೆ ಅವಳದೇ. ಒಮ್ಮೆ ಆಗಷ್ಟೇ ಹುಟ್ಟಿದ ಕೂಸು ಉಸಿರಿಗೆ ಒದ್ದಾಡುತ್ತಿದ್ದಾಗ ಅದರ ನೆತ್ತಿಗೆ ನೀರು ಹಾಕಿ ಸ್ನಾನದೀಕ್ಷೆ ಕೊಟ್ಟದ್ದೂ ಉಂಟು. ಇದಕ್ಕೆಲ್ಲ ಚರ್ಚಿನ ಅಪ್ಪಣೆಯಿತ್ತು. ರೊಟ್ಟಿಯನ್ನು ಪ್ರಸಾದವಾಗಿಸುವುದಕ್ಕೆ, ಸಾಯುವವರಿಗೆ ತೈಲ ಹಚ್ಚುವುದಕ್ಕೆ, ಪಾಪ ಹೇಳಿಕೊಂಡವರಿಗೆ ‘ಕ್ಷಮೆಯಾಯಿತು’ ಎನ್ನುವುದಕ್ಕೆ ಮಾತ್ರ ಇರಲಿಲ್ಲ. ಅವು ಫಾದರ್ ಕೈಯವು, ಫಾದರ್ ಬಾಯಿಯವು. ಫಾದರ್ ಆಗಬೇಕಾದರೆ ಗಂಡಸಾಗಿ ಹುಟ್ಟಿರಬೇಕು.

ಅವಳ ಅಪ್ಪ ಅಮೋಗಸಿದ್ಧ ಅಕ್ಕಲಕೋಟ ತಾಲೂಕಿನ ನಾಗಣಸೂರಿನವನು. ಕುರಿ ಕಾಯುವ ಮನೆತನ, ಬೀರೋಬಾನ ಒಕ್ಕಲು. ಹುಡುಗನಿದ್ದಾಗ ಕಾಲು ಮುರಿದುಕೊಂಡು ಸೋಲಾಪುರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಆರೈಕೆ ಮಾಡಿದ ಸಿಸ್ಟರ್‌ಗಳನ್ನು ಕಂಡು ಅವರ ದೇವರನ್ನು ಹಿಡಿದ. ಊರಲ್ಲಿ ಯಾರೂ ಬೈಯಲಿಲ್ಲ. ಕುರಿಯಲ್ಲಿ ಪಾಲನ್ನೂ ಕೊಡಲಿಲ್ಲ. ಮಂದ್ರೂಪಕ್ಕೆ ಬಂದು ಕಬ್ಬಿನ ಹೊಲಗಳಲ್ಲಿ ದುಡಿದು, ಕಥೋಲಿಕರ ಮನೆಯ ಸುಗಲಾಬಾಯಿಯನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತ. ಮೊದಲು ಗಿರಿಜಾ, ಅವಳು ಶಾಲೆಗೆ ಹೋಗುವ ವಯಸ್ಸಿಗೆ ಶೈಲೇಶ.

ಮೊದಲ ಪ್ರಸಾದ ತೆಗೆದುಕೊಳ್ಳುವ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮುದುಕ ಫಾದರ್, “ದೊಡ್ಡವರಾದ ಮೇಲೆ ಏನಾಗುತ್ತೀರಿ?” ಎಂದು ಒಬ್ಬೊಬ್ಬರನ್ನೇ ಕೇಳಿದಾಗ ಗಿರಿಜಾ ಎದ್ದು ನಿಂತು, “ನಾ ನಿಮ್ಮಂಗ ಫಾದರ ಆಗತೀನ್ರಿ” ಎಂದಿದ್ದಳು. ಫಾದರ್ ನಕ್ಕರು. ಅದು ಹೀಯಾಳಿಸುವ ನಗುವಲ್ಲ. “ತೂ ಸಿಸ್ಟರ್ ಹೋ, ಬಾಳಾ”, ನೀನು ಸಿಸ್ಟರ್ ಆಗು ಮಗೂ, ಎಂದು ಮರಾಠಿಯಲ್ಲಿ ಹೇಳಿ ತಲೆ ಸವರಿದರು. ಸಿಸ್ಟರ್ ಆದರೆ ಪೂಜೆ ಮಾಡಬಹುದೇ ಎಂದು ಅವಳು ಕೇಳಿದಳು. ಇಲ್ಲ ಎಂದರು. “ಮತ್ತ ಯಾಕ ಆಗಲಿ?” ಎಂದದ್ದಕ್ಕೆ ಇಡೀ ಕೋಣೆಯೇ ನಕ್ಕಿತು. ಆಮೇಲೆ ಆ ಮಾತನ್ನು ಅವಳು ಬಾಯಿಬಿಟ್ಟು ಎಲ್ಲೂ ಆಡಲಿಲ್ಲ.

ಹತ್ತನೆಯ ಇಯತ್ತೆ ಮುಗಿದ ಮೇಲೆ ಸಿಸ್ಟರ್ ಆಗಲೆಂದೇ ಕಾನ್ವೆಂಟಿಗೆ ಹೋದಳು. ಅಲ್ಲಿನ ಬದುಕು ಅವಳಿಗೆ ಹಿಡಿಸಿತ್ತು. ಬೆಳಗಿನ ಮೌನ, ಹಾಡು, ಪೂಜೆಗೆ ಬೇಕಾದ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ. ಅಷ್ಟರಲ್ಲಿ ಅಮೋಗಸಿದ್ಧ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡ. ಶೈಲೇಶ ಆಗಲೇ ಫಾದರ್ ಆಗುವ ಹುಡುಗರ ವಸತಿ ಶಾಲೆ ಸೇರಿದ್ದ. ಮಣ್ಣು ಮುಗಿಸಿ ಬಂದ ಸುಗಲಾಬಾಯಿ ಮಗಳ ಮುಂದೆ ಕೂತು ಹೇಳಿದಳು:

“ಒಬ್ಬರು ಮನ್ಯಾಗ ಇರಬೇಕಾಗತೈತಿ. ಆಂವ ಬಿಟ್ಟು ಬಂದ್ರ ಫಾದರ ಆಗಾಂಗಿಲ್ಲ. ನೀ ಬಿಟ್ಟು ಬಂದ್ರ ಏನ ಹೋಗತೈತಿ? ಎಲ್ಲಿದ್ರೂ ನೀ ಪ್ರಾರ್ಥನಾ ಮಾಡಾಕಿನ.”

ಗಿರಿಜಾ ಮರಳಿ ಬಂದಳು. ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುವ ಕೆಲಸ ಸಿಕ್ಕಿತು. ಮದುವೆಯ ಮಾತು ಬಂತು, ಹೋಯಿತು, ಆಮೇಲೆ ಬರುವುದೂ ನಿಂತಿತು. ತಮ್ಮ ರಜೆಗೆ ಬಂದಾಗೆಲ್ಲ ಅವನ ಪುಸ್ತಕಗಳನ್ನು ತೆರೆದು ಓದುತ್ತಿದ್ದಳು. ಪೂಜೆಯ ಪ್ರಾರ್ಥನೆಗಳು ಅವನಿಗಿಂತ ಮೊದಲು ಅವಳಿಗೇ ಬಾಯಿಪಾಠವಾದವು.

ಶೈಲೇಶನಿಗೆ ಗುರುದೀಕ್ಷೆಯಾದ ದಿನ ಬಿಷಪ್ಪರು ಅವನ ಅಂಗೈಗಳಿಗೆ ತೈಲ ಹಚ್ಚಿದರು. ಪೂಜೆ ಮುಗಿದ ಮೇಲೆ ಹೊಸ ಫಾದರ್‌ನ ಕೈಗೆ ಮುತ್ತಿಡುವುದು ರೂಢಿ. ಸುಗಲಾಬಾಯಿ ಮಗನ ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ. “ನನ್ನ ಕೊನೀ ಹೊತ್ತಿನ್ಯಾಗ ಈ ಕೈಲೆ ತೈಲ ಹಚ್ಚಿಸಿಕೊಂಡು ಹೋಗತೀನಿ ನೋಡು” ಎಂದಳು. ಸಾಲಿನಲ್ಲಿ ನಿಂತವರ ಕಣ್ಣು ಒದ್ದೆಯಾದವು. ಅವಳ ಹಿಂದೆ ಗಿರಿಜಾ. ಅದೇ ಕೈ ಹಿಡಿದು ಅವಳು ಅ ಆ ತಿದ್ದಿಸಿದ್ದಳು. ಬಾಗಿ ಮುತ್ತಿಟ್ಟಳು, ತೈಲದ ವಾಸನೆ ತುಟಿಗೆ ಅಂಟಿತು. ಅಲ್ಲಿಂದ ನೇರ ಅಡುಗೆಯ ಕಡೆ ಹೋಗಿ ತಾಟು ತೊಳೆಯುವ ಹೆಂಗಸರ ನಡುವೆ ಕೂತಳು. ಯಾರೋ ಗುರುತು ಹಿಡಿದು, “ಫಾದರ ಅಕ್ಕ ತಾಟ ತಿಕ್ಕಾಕತ್ತಾಳಲ್ಲ!” ಎಂದು ಒತ್ತಾಯದಿಂದ ಎಬ್ಬಿಸಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಊಟಕ್ಕೆ ಕೂರಿಸಿದರು. ತಮ್ಮನ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಆದರೆ ಆ ದಿನ ತಾಟಿನಲ್ಲಿ ಬಡಿಸಿದ್ದು ಹಾಗೇ ಉಳಿಯಿತು.

ಕೆಲವು ವರ್ಷಗಳ ಹಿಂದೆ ಸೋಲಾಪುರದ ಚರ್ಚಿನಲ್ಲಿ ಒಂದು ಸಭೆ ನಡೆಯಿತು. ಜನರ ಮನಸ್ಸಿನಲ್ಲಿರುವುದನ್ನು ಕೇಳಿ ಬರೆದು ಕಳಿಸಬೇಕೆಂದು ರೋಮಿನಿಂದಲೇ ಎಲ್ಲ ಕಡೆಗೂ ಅಪ್ಪಣೆ ಬಂದ ಕಾಲ ಅದು. ಕಾಲೇಜಿಗೆ ಹೋಗುವ ದೀಪಾಲಿ ಎಂಬ ಹುಡುಗಿ ಎದ್ದು, “ಹೆಂಗಸರು ಫಾದರ ಯಾಕ ಆಗಬಾರದು?” ಎಂದು ಕೇಳಿಯೇಬಿಟ್ಟಳು. ಹಿಂದಿನಿಂದ ಒಬ್ಬ, “ಹಂಗಾದ್ರ ಮನ್ಯಾಗ ಭಾಕ್ರಿ ನಾವು ಬಡೀಬೇಕೇನ?” ಎಂದ. ನಗೆ ಎದ್ದಿತು. ಸಭೆ ನಡೆಸುತ್ತಿದ್ದವರು, ಆ ಬಾಗಿಲು ಮುಚ್ಚಿದೆ, ಅದನ್ನು ತೆರೆಯುವ ಅಧಿಕಾರ ತನಗಿಲ್ಲವೆಂದು ಧರ್ಮಸಭೆಯೇ ಹೇಳಿದೆ, ಬೇರೆ ಮಾತಿದ್ದರೆ ಹೇಳಿರಿ ಎಂದರು. ದೀಪಾಲಿ ಗಿರಿಜಾಬಾಯಿಯ ಕಡೆ ತಿರುಗಿ, “ಮಾವಶಿ, ನೀವರೆ ಹೇಳ್ರಿ. ಮಂದ್ರೂಪದಾಗ ಎಲ್ಲಾ ಮಾಡಾಕಿ ನೀವ ಅಲ್ಲೇನು?” ಎಂದಳು. ಎಲ್ಲರ ಕಣ್ಣು ತನ್ನ ಮೇಲೆ ಬಿದ್ದಾಗ ಗಿರಿಜಾಬಾಯಿ ಎದ್ದು, “ಫಾದರ ತಿಂಗಳಿಗೆ ಎರಡ ಸಲ ಬಂದ್ರ ಭಾಳ ಚಲೋ ಆಗತೈತ್ರಿ” ಎಂದಷ್ಟೇ ಹೇಳಿ ಕೂತಳು. ದೀಪಾಲಿಯ ಮುಖ ಸಣ್ಣದಾಯಿತು. ಊರಿಗೆ ಮರಳುವಾಗ ದಾರಿಯುದ್ದಕ್ಕೂ ಗಿರಿಜಾಬಾಯಿಗೆ ಆ ಹುಡುಗಿಯ ಮುಖವೇ ಕಾಣುತ್ತಿತ್ತು.

ಅದಾದ ಮೇಲೆ ಫಾದರ್ ಶೈಲೇಶನಿಗೆ ಸೋಲಾಪುರಕ್ಕೇ ಬದಲಿ ಆಯಿತು. ಸುಗಲಾಬಾಯಿಯ ಸಂತೋಷಕ್ಕೆ ಪಾರವಿರಲಿಲ್ಲ. ಮುಪ್ಪಿನ ಉಬ್ಬಸ ಅವಳನ್ನು ಆಗಲೇ ಮನೆಯಲ್ಲಿ ಕೂರಿಸಿತ್ತು. ಮಗ ತಿಂಗಳಿಗೊಮ್ಮೆ ಪೂಜೆಗೆ ಬಂದಾಗ ಅವನಿಗೆ ಶೇಂಗಾ ಚಟ್ನಿ, ಮೊಸರು, ಎಳೆಯ ಸೌತೆಕಾಯಿ ತೆಗೆದಿಡಿಸುವಳು. ಕೈ ತೊಳೆದು ಬಂದ ಮಗನ ಅಂಗೈಯನ್ನು ಹಿಡಿದು ನೋಡುವಳು.

ನವರಾತ್ರಿಯ ಘಟ ಕೂರಿಸುವ ದಿನಗಳಲ್ಲಿ ಹಿಂದೆಂದೂ ಕಾಣದ ಮಳೆ ಸುರಿಯಿತು. ಮೇಲಿನ ಆಣೆಕಟ್ಟುಗಳ ನೀರು ಸೇರಿ ಸೀನಾ ನದಿ ದಂಡೆ ಮೀರಿ ಹರಡಿತು. ವಡಕಬಾಳದ ಹತ್ತಿರ ಹೆದ್ದಾರಿಯನ್ನೇ ಬಂದ್ ಮಾಡಿದರು. ಕಬ್ಬಿನ ಹೊಲಗಳಲ್ಲಿ ಗರಿಯ ತುದಿಯಷ್ಟೇ ಕಾಣುತ್ತಿತ್ತು. ಊರಿಗೆ ಕರೆಂಟು ಹೋಯಿತು. ಅದೇ ದಿನಗಳಲ್ಲಿ ಸುಗಲಾಬಾಯಿಯ ಉಸಿರು ಕಟ್ಟತೊಡಗಿತು. ಊರ ಡಾಕ್ಟರ್ ಸೂಜಿ ಹಾಕಿ, ಸೋಲಾಪುರಕ್ಕೆ ಒಯ್ಯಬೇಕಾಗಿತ್ತು ಎಂದ. ಒಯ್ಯುವ ದಾರಿ ನೀರಿನಡಿ ಇತ್ತು.

ಗಿರಿಜಾಬಾಯಿ ಫೋನು ಮಾಡಿದಳು. ಫಾದರ್ ಶೈಲೇಶ ತೈಲದ ಕುಪ್ಪಿ ಜೇಬಿಗಿಟ್ಟುಕೊಂಡು ಮೋಟಾರ್ ಸೈಕಲ್ ಹತ್ತಿದ. ವಡಕಬಾಳದಲ್ಲಿ ಪೊಲೀಸರು ಬಿಡಲಿಲ್ಲ. ಅಕ್ಕಲಕೋಟದ ರಸ್ತೆ ಹಿಡಿದು ವಳಸಂಗಕ್ಕೆ ಹೋಗಿ, ಅಲ್ಲಿಂದ ಕೆಳಗೆ ಎಲ್ಲಾದರೂ ನದಿ ದಾಟಲು ಬರುತ್ತದೆಯೇ ಎಂದು ನೋಡಿದ. ಅಲ್ಲಿಯೂ ಸೇತುವೆ ಮುಳುಗಿತ್ತು. ನೀರಿನ ಅಂಚಿನಲ್ಲಿ ನಿಂತೇ ಫೋನು ಹಚ್ಚಿದ. ಗಿರಿಜಾಬಾಯಿ ಅದನ್ನು ಅವ್ವನ ಕಿವಿಗೆ ಹಿಡಿದಳು.

“ಅವ್ವಾ, ನಾ ಹೊಳೀ ದಂಡ್ಯಾಗ ಅದೀನಿ. ನೀರು ಇಳಿದ ಕೂಡ್ಲೆ ಬರತೀನಿ.”

“ಶೈಲೂ, ನನಗ ಪಾಪ ಹೇಳಿಕೊಳ್ಳೂದೈತಿ. ಹೇಳಲೇನ, ಕೇಳತಿ?”

ಫೋನಿನಲ್ಲಿ ನೀರು ಭೋರ್ಗರೆಯುತ್ತಿತ್ತು.

“ಫೋನಿನ್ಯಾಗ ಆಗಾಂಗಿಲ್ಲವ್ವಾ. ಮುಂದ ಇರಬೇಕಾಗತೈತಿ. ನೀ ಪ್ರಾರ್ಥನಾ ಮಾಡು, ನಾನೂ ಮಾಡತೀನಿ. ದೇವರು ಕೇಳತಾನ.”

“ಮತ್ತ ಯಾವಾಗ ಬರತಿ?”

ಅವನು ಏನು ಹೇಳಿದನೋ, ಫೋನಿನ ಚಾರ್ಜು ಮುಗಿದು ದನಿ ಸತ್ತಿತು.

ಮಾರನೆಯ ದಿನ ಮಧ್ಯಾಹ್ನ ಅವರದೇ ಪ್ರಾರ್ಥನೆಯ ಕೋಣೆಗೆ ಬರುವ ನೆರೆಮನೆಯ ತುಳಜಾಬಾಯಿ ಗಂಜಿ ತಂದಿಟ್ಟು ಹೋದಳು. ಸುಗಲಾಬಾಯಿ ಒಂದು ಚಮಚೆಯನ್ನೂ ನುಂಗಲಿಲ್ಲ. ನೀರು ಇಳಿಯಿತೇ ಎಂದು ಕೇಳಿದಳು. ಇಲ್ಲವೆಂದಳು ಮಗಳು. ಆಮೇಲೆ ಮುದುಕಿ ಗೋಡೆ ಹಿಡಿದು ಎದ್ದು ಕೂರಲು ನೋಡಿದಳು.

“ಗಿರ್ಜಾ, ಬಾಗಿಲಾ ಮುಂದ ಮಾಡು.”

“ಯಾಕವ್ವಾ?”

“ಆಂವ ಬರಾಂಗಿಲ್ಲ. ನೀನ ಕೇಳು.”

ಗಿರಿಜಾಬಾಯಿ ಅವ್ವನ ಬೆನ್ನಿಗೆ ದಿಂಬು ಕೊಟ್ಟಳು. “ನಾ ಕೇಳಿದ್ರ ಆಗಾಂಗಿಲ್ಲವ್ವಾ. ಬಾ, ಇಬ್ಬರೂ ಕೂಡಿ ಪ್ರಾರ್ಥನಾ ಹೇಳೂಣು. ಮನಸ್ಸಿನ್ಯಾಗ ದೇವರಿಗೆ ಹೇಳಿಬಿಡು.”

ಪಶ್ಚಾತ್ತಾಪದ ಪ್ರಾರ್ಥನೆಯನ್ನು ಇಬ್ಬರೂ ಹೇಳಿದರು. ಹಾಗೆ ಹೇಳಿದರೆ ಸಾಕೆಂದು ಗಿರಿಜಾಬಾಯಿಯೇ ಎಷ್ಟೋ ಹಾಸಿಗೆಗಳ ಪಕ್ಕ ಕೂತು ಸಮಾಧಾನ ಮಾಡಿದ್ದುಂಟು. ಅವ್ವನಿಗೆ ಸಾಕಾಗಲಿಲ್ಲ.

“ದೇವರು ನನ್ನ ಕೂಡ ಮಾತಾಡಾಂಗಿಲ್ಲಲ್ಲ, ಮಗಳ. ನನ್ನ ಕಿವಿಗೆ ಕೇಳೂ ಹಂಗ ಯಾರರ ಒಬ್ಬರು ‘ಆತು’ ಅನ್ನಬೇಕು. ಸಣ್ಣಾಕಿ ಇದ್ದಾಗಿಂದ ನನಗ ಹಂಗ ಕಲಿಸ್ಯಾರ. ಈಗ ಬ್ಯಾಡ ಅಂದ್ರ ನಾ ಎಲ್ಲಿ ಹೋಗಲಿ?”

ಗಿರಿಜಾಬಾಯಿ ಬಾಗಿಲು ಮುಚ್ಚಿ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಸುಗಲಾಬಾಯಿ ಹೇಳಿದಳು. ಉಬ್ಬಸದ ನಡುವೆ ತಡೆತಡೆದು ಬಹಳ ಹೊತ್ತು ಹೇಳಿದಳು. ಏನು ಹೇಳಿದಳೆಂಬುದನ್ನು ಗಿರಿಜಾಬಾಯಿ ಇಂದಿನವರೆಗೂ ಯಾರಿಗೂ ಹೇಳಿಲ್ಲ. ಹೀಗಾಗಿ ಇಲ್ಲಿ ಬರೆಯುವುದಕ್ಕೂ ಇಲ್ಲ. ಹೇಳಿ ಮುಗಿಸಿ ಮುದುಕಿ ಮಗಳ ಮುಖ ನೋಡುತ್ತ ಕೂತಳು. ಪೆಟ್ಟು ಬೀಳುತ್ತದೆಯೋ ಎಂದು ನೋಡುವ ಮಕ್ಕಳ ಹಾಗೆ ನೋಡುತ್ತಿದ್ದಳು.

ಗಿರಿಜಾಬಾಯಿಗೆ ನಿಯಮ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಆಮೇಲೆ ಅವಳು ಯಾರ ಮುಂದೆಯೂ ಹೇಳಲಿಲ್ಲ. ಬಲಗೈಯನ್ನು ಅವ್ವನ ನೆತ್ತಿಯ ಮೇಲಿಟ್ಟಳು. ಚರ್ಚಿನಲ್ಲಿ ಕ್ಷಮೆಯ ಮಾತನ್ನು ಮರಾಠಿಯಲ್ಲಿ ಹೇಳುವುದು ವಾಡಿಕೆ. ಅವಳ ಬಾಯಿಂದ ಅದು ಮನೆಯ ಮಾತಿನಲ್ಲಿ ಬಂತು.

“ನಿನ್ನ ಪಾಪ ಎಲ್ಲಾ ದೇವರು ಕ್ಷಮಿಸ್ಯಾನ. ಪಿತನ, ಸುತನ, ಪವಿತ್ರಾತ್ಮನ ಹೆಸರಿಲೆ ನಾ ಅವನ್ನ ಬಿಡಿಸೀನಿ. ಸಮಾಧಾನದಿಂದ ಹೋಗವ್ವಾ.”

“ಆತು?” ಎಂದಳು ಸುಗಲಾಬಾಯಿ.

“ಆತವ್ವಾ.”

ಎಂಬತ್ತು ವರ್ಷದ ಆ ಹೆಂಗಸು ಕ್ಷಮೆಯ ಮಾತನ್ನು ತನ್ನ ಸ್ವಂತ ಭಾಷೆಯಲ್ಲಿ ಕೇಳಿದ್ದು ಅದೇ ಮೊದಲು. ಮಗಳ ಕೈಯನ್ನು ನೆತ್ತಿಯಿಂದ ಕೆಳಗೆಳೆದುಕೊಂಡು, ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು ಹಾಗೇ ಒರಗಿದಳು. ಸಂಜೆಯೊಳಗೆ ಉಸಿರು ನಿಂತಿತು.

ಕ್ರೈಸ್ತರ ಮಣ್ಣಿನ ಜಾಗದಲ್ಲಿ ಮೊಳಕಾಲು ನೀರು ನಿಂತಿತ್ತು. ಸುದ್ದಿ ತಿಳಿದ ಊರ ಜಮೀನುದಾರ ಚನ್ನವೀರಪ್ಪ ಗೌಡರು ತಾವೇ ಬಂದು, “ನಮ್ಮ ಹೊಲದ ಎತ್ತರದ ಬದುವಿನ್ಯಾಗ ಇಡ್ರಿ. ಮುದುಕಿ ನಮ್ಮ ಹೊಲದಾಗ ದುಡದಾಕಿ, ನಮ್ಮ ಹೊಲದಾಗ ಮಲಗಲಿ” ಎಂದು ಟ್ರ್ಯಾಕ್ಟರ್ ಕಳಿಸಿದರು. ನಾಗಣಸೂರಿನ ಬಳಗದವರು ಬರಲಾಗಲಿಲ್ಲ. ಮಗನೂ ಇಲ್ಲ. ಮಣ್ಣಿನ ಪ್ರಾರ್ಥನೆಯನ್ನು ಮಗಳೇ ನಡೆಸಿದಳು. ಅದಕ್ಕೆ ಅಪ್ಪಣೆಯಿತ್ತು.

ನೀರು ಇಳಿದು ದಾರಿ ಬಿಟ್ಟ ದಿನವೇ ಫಾದರ್ ಶೈಲೇಶ ಬಂದ. ಬದುವಿನ ಮೇಲಿನ ಹಸಿ ಮಣ್ಣಿನ ಮುಂದೆ ಮೊಳಕಾಲೂರಿ ಅತ್ತ. ಮನೆಗೆ ಬಂದ ಮೇಲೂ ಜೇಬಿನಿಂದ ತೈಲದ ಕುಪ್ಪಿ ತೆಗೆದು ಕೈಯಲ್ಲಿ ತಿರುಗಿಸುತ್ತಲೇ ಇದ್ದ. ಗಿರಿಜಾಬಾಯಿ ಚಹಾ ತಂದಿಟ್ಟು ಎದುರು ಕೂತು, ನಡೆದದ್ದನ್ನು ಹೇಳಿದಳು.

ಅವನು ಕುಪ್ಪಿಯನ್ನು ಕೆಳಗಿಟ್ಟ. “ಅಕ್ಕಾ, ಏನ ಮಾಡಿದಿ? ನಿನಗ ಗೊತ್ತಿದ್ದೂ!”

“ಗೊತ್ತಿದ್ದ ಮಾಡೀನಿ.”

“ಪ್ರಾರ್ಥನಾ ಮಾಡಿಸಿದ್ರ ಸಾಕಿತ್ತಲ್ಲ.”

“ಮಾಡಿಸಿದೆ. ಆಕಿಗೆ ಸಾಕಾಗಲಿಲ್ಲ.”

ಅವನು ಎದ್ದು ಬಾಗಿಲವರೆಗೆ ಹೋಗಿ ಬಂದ. ಮತ್ತೆ ಕೇಳಿದಾಗ ದನಿ ಬೇರೆಯಾಗಿತ್ತು. ಫಾದರ್ ಹೋಗಿ ತಮ್ಮ ಬಂದಿದ್ದ.

“ಅವ್ವ ಏನ ಹೇಳಿದಳು?”

ಗಿರಿಜಾಬಾಯಿ ತಲೆ ಅಲ್ಲಾಡಿಸಿದಳು.

“ನನಗೂ ಹೇಳಾಂಗಿಲ್ಲ? ನಾ ಆಕಿ ಮಗ ಅದೀನಿ!”

“ನಿನಗ ಯಾರರ ಪಾಪ ಹೇಳಿದ್ರ ನೀ ನನ್ನ ಮುಂದ ಹೇಳತಿಯೇನು?”

“ಅದು ಬ್ಯಾರೆ, ಅಕ್ಕಾ. ನೀ ಕೇಳಿದ್ದು ಪಾಪನಿವೇದನೆ ಅಲ್ಲ. ನಿನಗ ಆ ಕಟ್ಟು ಇಲ್ಲ.”

“ಆಕಿ ಹಂಗಂತ ತಿಳಿದ ಹೇಳ್ಯಾಳ. ನಾ ಹೇಳಾಂಗಿಲ್ಲ.”

ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಅವನು, “ಇದು ನಮ್ಮಿಬ್ಬರೊಳಗ ಇರಲಿ. ನೀ ಯಾರಿಗೂ ಹೇಳಬ್ಯಾಡ, ನಾನೂ ಹೇಳಾಂಗಿಲ್ಲ” ಎಂದ. ತನ್ನ ಗುರುಪಟ್ಟಕ್ಕೆ ತಕ್ಕ ಮಾತಲ್ಲ ಅದು. ಅಕ್ಕನ ಮೇಲಿನ ಜೀವದಿಂದ ಹೇಳಿದ್ದ. ಅವಳಿಗೂ ಅದು ಗೊತ್ತಾಯಿತು. ಆದರೆ ಇದನ್ನು ಒಳಗಿಟ್ಟುಕೊಂಡು ಬರುವ ಭಾನುವಾರ ಆ ಡಬ್ಬಿಯನ್ನು ಎದೆಗೆ ಹಿಡಿದು ಬಸ್ಸು ಹತ್ತುವುದು ಅವಳಿಂದ ಆಗದ ಮಾತು. ತಮ್ಮನಿಗೆ ಹೇಳಿಯೇ, ಬಿಷಪ್ಪರ ಪರವಾಗಿ ಧರ್ಮಪ್ರಾಂತವನ್ನು ನೋಡಿಕೊಳ್ಳುವ ಹಿರಿಯ ಫಾದರ್ ಸೋಲಾಪುರಕ್ಕೆ ಬಂದ ದಿನ ಅವರೆದುರು ಹೋಗಿ ನಿಂತಳು.

ಹಿರಿಯ ಫಾದರ್ ಒಳ್ಳೆಯ ಮನುಷ್ಯ. ಕೂರಿಸಿ, ನೀರು ಕೊಟ್ಟು, ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು: ಗುರುವಲ್ಲದವರು ಪಾಪ ಬಿಡಿಸುವ ಮಾತು ಆಡಿದರೆ ಆ ಮಾತಿಗೆ ಬಲವಿಲ್ಲ, ಮೇಲಾಗಿ ಅದು ದೊಡ್ಡ ತಪ್ಪು. ಬಿಷಪ್ಪರು ತೀರ್ಮಾನಿಸುವವರೆಗೆ ನೀನು ಪ್ರಸಾದ ಹಂಚುವಂತಿಲ್ಲ, ತೆಗೆದುಕೊಳ್ಳುವಂತೆಯೂ ಇಲ್ಲ. ತಪ್ಪಾಯಿತು, ಅವ್ವನಿಗೆ ಹೇಳಿದ ಮಾತು ಖರೆಯಲ್ಲ ಎಂದು ಒಪ್ಪಿಕೊಂಡರೆ ದಾರಿ ಸಲೀಸಾಗುತ್ತದೆ.

“ತಪ್ಪ ಮಾಡೀನಿ ಅಂತೀನ್ರಿ” ಎಂದಳು ಗಿರಿಜಾಬಾಯಿ. “ಅವ್ವಗ ಕ್ಷಮೆ ಆಗಿಲ್ಲ ಅಂತ ಹ್ಯಾಂಗ ಅನ್ನಲಿ?”

“ಹಾಗೆ ಯಾರೂ ಅನ್ನುವುದಿಲ್ಲಮ್ಮ. ದೇವರ ದಯೆ ಸಂಸ್ಕಾರಕ್ಕೆ ಕಟ್ಟುಬಿದ್ದದ್ದಲ್ಲ. ನಿನ್ನ ಅವ್ವ ಮನಸಾರೆ ನೊಂದುಕೊಂಡಿದ್ದರೆ ಅವನೇ ಕ್ಷಮಿಸಿರುತ್ತಾನೆ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಯೋಚಿಸಿದಳು. ವಾದ ಮಾಡಲು ಬಂದವಳಲ್ಲ ಅವಳು. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

“ಹಂಗಾದ್ರ ದೇವರು ಯಾರೂ ಇಲ್ಲದಾಗ ತಾನ ಕ್ಷಮಿಸ್ತಾನ. ಫಾದರ ಬಾಯಿಲೆನೂ ಕ್ಷಮಿಸ್ತಾನ. ನನ್ನ ಬಾಯಿ ಒಂದ ಬ್ಯಾಡ ಅಂತಾನೇನ್ರಿ?”

ಹಿರಿಯ ಫಾದರ್ ಕಿಟಕಿಯ ಕಡೆ ನೋಡಿದರು. ಹೊರಗೆ ಶಾಲೆಯ ಮಕ್ಕಳು ಪ್ರಾರ್ಥನೆ ಮುಗಿಸಿ ಗದ್ದಲ ಮಾಡುತ್ತ ಒಳಗೆ ಹೋಗುತ್ತಿದ್ದರು. “ಬೇಡ ಅಂತಾನೋ ಬೇಕು ಅಂತಾನೋ, ಅದನ್ನು ಹೇಳುವಷ್ಟು ದೊಡ್ಡವನಲ್ಲ ನಾನು, ಗಿರಿಜಾಬಾಯಿ” ಎಂದರು ಕೊನೆಗೆ. “ನನಗೆ ಕೊಟ್ಟದ್ದನ್ನು ನಾನು ಕಾಯಬೇಕು. ಅಷ್ಟೇ.”

ಸುದ್ದಿ ಹೇಗೋ ಹೊರಬಿತ್ತು. ದೀಪಾಲಿ ಸ್ಕೂಟಿ ಹಾಕಿಕೊಂಡು ಮಂದ್ರೂಪಕ್ಕೆ ಬಂದಳು. ನೌಕರಿಯಲ್ಲಿದ್ದಳು ಈಗ. ಇದನ್ನು ಹೀಗೆ ಬಿಡಬಾರದು, ಫೇಸ್‌ಬುಕ್ಕಿನಲ್ಲಿ ಬರೆಯೋಣ, ಸಹಿ ಕೂಡಿಸೋಣ ಎಂದಳು.

“ಬ್ಯಾಡವಾ” ಎಂದಳು ಗಿರಿಜಾಬಾಯಿ. “ನಿನ್ನ ಮಾತು ಖರೇ ಐತಿ. ಆವತ್ತ ಸಭಾದಾಗ ನಾ ನಿನ್ನ ಕೂಡ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಮುಂದ ನಿಲ್ಲತೀನಿ. ಆದ್ರ ಇದು ನಮ್ಮವ್ವನ ಸಾವು. ಇದನ್ನ ಯಾರ ಕೈಯಾಗೂ ಕೊಡಾಂಗಿಲ್ಲ.”

ದೀಪಾಲಿ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಗಿರಿಜಾಬಾಯಿ ಅವಳ ಬೆನ್ನು ಸವರಿದಳು. ತಾನು ಅಳಲಿಲ್ಲ.

ಕ್ರಿಸ್ಮಸ್ಸಿಗೆ ಎಲ್ಲರ ಜೊತೆ ಸೋಲಾಪುರಕ್ಕೆ ಹೋದಳು. ಪ್ರಸಾದದ ಸಾಲು ಎದ್ದಾಗ ಅವಳೊಬ್ಬಳೇ ಬೆಂಚಿನಲ್ಲಿ ಉಳಿದಳು. ಅಕ್ಕಪಕ್ಕದವರು ಅವಳ ಮೊಳಕಾಲು ದಾಟಿಕೊಂಡು ಹೋದರು. ಹಂಚುತ್ತಿದ್ದವನು ಶೈಲೇಶನೇ. ಸಾಲು ಮುಗಿದ ಮೇಲೂ ಬಟ್ಟಲು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತ, ಅವಳ ಕಡೆ ನೋಡಲಿಲ್ಲ. ಆಮೇಲೆ ತಿರುಗಿ ಬಲಿಪೀಠಕ್ಕೆ ಹೋದ. ಎಳೆಯ ವಯಸ್ಸಿನಿಂದ ತಪ್ಪದೆ ನಾಲಗೆಗೆ ಸಿಕ್ಕಿದ್ದು ಸಿಗದೆ ಹೋದಾಗ ಆಗುವ ಹಸಿವು ಅವಳಿಗೆ ಯಾವ ಉಪವಾಸದಲ್ಲೂ ಆಗಿರಲಿಲ್ಲ.

ಈಸ್ಟರಿನ ಮುಂಚಿನ ಉಪವಾಸದ ಕಾಲದಲ್ಲಿ ಹಿರಿಯ ಫಾದರ್ ಮತ್ತೆ ಕರೆಸಿದರು. ಬಿಷಪ್ಪರ ಜೊತೆ ಮಾತಾಡಿ ಬಂದಿದ್ದರು. ಅವ್ವನ ಮಾತು ಎತ್ತಲೇ ಇಲ್ಲ. “ಅಪ್ಪಣೆ ಮೀರಿದ್ದಕ್ಕೆ ನೊಂದಿದ್ದೇನೆ ಎನ್ನು, ಸಾಕು” ಎಂದರು. ಅಷ್ಟು ಹೇಳಲು ಅವಳಿಗೆ ಸಾಧ್ಯವಿತ್ತು, ಹೇಳಿದಳು. ಆ ಭಾನುವಾರ ಪ್ರಸಾದ ಸಿಕ್ಕಿತು. ಡಬ್ಬಿ ಸಿಗಲಿಲ್ಲ. ಮಂದ್ರೂಪದ ಕೆಲಸ ಇನ್ನು ಬೇಡ, ನಿನಗೂ ವಯಸ್ಸಾಯಿತು, ವಿಶ್ರಾಂತಿ ತಗೋ ಎಂದು ಮೆತ್ತಗೆ ಹೇಳಿದ್ದರು. ಬೇರೆ ಯಾರನ್ನಾದರೂ ಕಳಿಸುವ ಮಾತಾಯಿತು. ಸೋಲಾಪುರದಿಂದ ಒಬ್ಬ ಕೆಲವು ಭಾನುವಾರ ಬಂದ. ಬೇಸಿಗೆಯ ಬಿಸಿಲು ಏರಿದ ಮೇಲೆ ಬರುವುದು ಬಿಟ್ಟ. ಪ್ರಾರ್ಥನೆಯ ಕೋಣೆಗೆ ತಿಂಗಳಿಗೊಮ್ಮೆ ಫಾದರ್ ಬಂದಾಗಷ್ಟೇ ಬೀಗ ತೆಗೆಯುವಂತಾಯಿತು.

ಬೇಸಿಗೆಯಲ್ಲಿ ಶೈಲೇಶನಿಗೆ ದೂರದ ಊರಿಗೆ ಬದಲಿ ಬಂತು. ತಾನೇ ಕೇಳಿಕೊಂಡಿದ್ದ. ಹೊರಡುವ ಮುನ್ನ ಬೆಳಿಗ್ಗೆಯೇ ಬಂದು, ಜೋಳದ ಭಾಕ್ರಿ ಬಡಿಯುತ್ತಿದ್ದ ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತ.

“ಅಕ್ಕಾ, ನನಗ ಪೂಜಾ ಮಾಡಾಕ ಆಗವಲ್ದು. ಕೈ ಎತ್ತಿದ್ರ ಅವ್ವನ ನೆನಪಾಗತೈತಿ. ಈ ಕೈಲೆ ಎಷ್ಟ ಮಂದಿಗೆ ತೈಲ ಹಚ್ಚೀನಿ, ಆಕಿಗೆ ಹಚ್ಚಲಿಲ್ಲ. ನೀ ಮಾಡಿದ್ದು ತಪ್ಪ ಅಂತ ಮಂದಿ ಮುಂದ ಹೇಳತೀನಿ. ಒಳಗ… ನಾ ಇರಬೇಕಾಗಿದ್ದ ಜಾಗಾದಾಗ ನೀ ಇದ್ದಿ ಅಂತ ಹೊಟ್ಟಿ ಉರೀತೈತಿ.”

ಗಿರಿಜಾಬಾಯಿ ಹಿಟ್ಟಿನ ಕೈಯನ್ನು ಒರೆಸಿಕೊಂಡಳು. “ಅಕ್ಕ ಅಂತ ಕೇಳಾಕತ್ತೀನಿ, ಶೈಲೂ. ಪಾಪ ಕೇಳಾಕಿ ಅಂತ ಅಲ್ಲ.”

“ಗೊತ್ತೈತಿ.” ಅವನು ಒಲೆಯ ಕಡೆ ನೋಡುತ್ತ ಕೇಳಿದ: “ಆಕಿ ನನ್ನ ನೆನೆಸಿದಳೇನು? ಅಷ್ಟರ ಹೇಳು.”

ಬಾಗಿಲು ಮುಚ್ಚಿದ ಮೇಲಿನದನ್ನು ಅವಳು ಹೇಳುವಂತಿರಲಿಲ್ಲ. ಅದಕ್ಕೆ ಮುಂಚಿನದನ್ನು ಹೇಳಬಹುದಿತ್ತು.

“ಬೆಳಗ್ಗಿಂದ ನಿನ್ನ ಹೆಸರ ಹಿಡಿದ ಕುಂತಿದ್ದಳು. ನೀರು ಇಳೀತೇನ, ನೀರು ಇಳೀತೇನ ಅಂತ ಕೇಳಾಕಿ. ನೀ ಹೊಳ್ಯಾಗ ಇಳಿದ ಬಂದೀಯೇನೋ ಅಂತ ಆಕಿಗೆ ಹೆದರಿಕಿ ಆಗಿತ್ತು. ಶೈಲೂಗ ಈಜು ಬರಾಂಗಿಲ್ಲ, ಬರಬ್ಯಾಡ ಅಂತ ಹೇಳು ಅಂದಳು. ಫೋನ್ ಸತ್ತಿತ್ತು, ಹ್ಯಾಂಗ ಹೇಳಲಿ?”

ಫಾದರ್ ಶೈಲೇಶ ಮೊಳಕಾಲ ನಡುವೆ ಮುಖ ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ. ತವೆಯ ಮೇಲಿನ ಭಾಕ್ರಿ ಹೊತ್ತಿತು. ಅವಳು ಅದನ್ನು ತೆಗೆದು ಬದಿಗಿಟ್ಟು, ಇನ್ನೊಂದು ಬಡಿದು, ಅವನಿಗೆ ಬಡಿಸಿದಳು. ಉಂಡು ಅವನು ಹೋದ.

ಈಗ ಭಾನುವಾರ ಸೋಲಾಪುರದಿಂದ ಮರಳಿದ ಮೇಲೆ ಗಿರಿಜಾಬಾಯಿ ಪಕ್ಕದ ತುಳಜಾಬಾಯಿಯ ಮನೆಗೆ ಹೋಗುತ್ತಾಳೆ. ಮಳೆಗಾಲ ಕಳೆದ ಮೇಲೆ ಅವಳೂ ನೆಲ ಹಿಡಿದಿದ್ದಾಳೆ. ಮರೆವು ಬಂದಿದೆ. ಏನೇನು ನಡೆಯಿತೆಂದು ಹೇಳಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ಗಿರಿಜಾಬಾಯಿಯನ್ನು ಕಂಡ ಕೂಡಲೆ ತಲೆಯ ಮೇಲೆ ಸೆರಗೆಳೆದು, ಕಣ್ಣು ಮುಚ್ಚಿ, ಪ್ರಸಾದಕ್ಕೆ ಬಾಯಿ ತೆರೆಯುತ್ತಾಳೆ.

“ಇವತ್ತ ಇಲ್ಲ ತುಳಜಕ್ಕಾ” ಎನ್ನುತ್ತಾಳೆ ಗಿರಿಜಾಬಾಯಿ.

“ಯಾಕ? ನಾ ಏನ ತಪ್ಪ ಮಾಡೀನಿ?”

“ನೀ ಏನೂ ಮಾಡಿಲ್ಲ. ಮುಂದಿನ ವಾರ ಫಾದರ ಬರತಾರ.”

ಫಾದರ್ ಬರುವುದು ಮುಂದಿನ ವಾರವೇ ಆಗಿರಬೇಕೆಂದಿಲ್ಲ. ಮುದುಕಿ ಒಪ್ಪಿಕೊಂಡು ಬಾಯಿ ಮುಚ್ಚುತ್ತಾಳೆ. ಗಿರಿಜಾಬಾಯಿ ಅವಳ ಕೂದಲು ಬಾಚಿ, ತುರುಬು ಕಟ್ಟಿ, ಬಿಸಿಲಿಗೆ ಕೂರಿಸಿ, ಪಕ್ಕದಲ್ಲಿ ಕೂತು ಒಂದು ಹಾಡು ಹೇಳುತ್ತಾಳೆ. ಹಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಓಣಿಯ ಹೆಂಗಸರು ಕೆಲವರು ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಕೂಡಿ ಹಾಡುತ್ತಾರೆ, ಹೊತ್ತಾದ ಮೇಲೆ ಒಬ್ಬೊಬ್ಬರಾಗಿ ಎದ್ದು ಅಡುಗೆಗೆ ಹೋಗುತ್ತಾರೆ.